ಮಗು ತನ್ನಷ್ಟಕ್ಕೇ ಯಾಕೆ ಮಾತಾಡುತ್ತದೆ? ‘ಭಾಷೆ ಮತ್ತು ಚಿಂತನೆ’ ಓದುವವರಿಗೆ ಟಿಪ್ಪಣಿ

ಬಿ.ಎಡ್. ಓದುವವರಿಗೂ ಟಿಇಟಿ (ಶಿಕ್ಷಕರ ಅರ್ಹತಾ ಪರೀಕ್ಷೆ) ಬರೆಯುವವರಿಗೂ ಈ ಭಾಗ ತಪ್ಪಿದ್ದಲ್ಲ. ಭಾಷೆಯ ವ್ಯಾಖ್ಯಾನ, ಲಕ್ಷಣ, ಕಾರ್ಯಗಳು ಎಲ್ಲ ಗೈಡುಗಳಲ್ಲೂ ಇವೆ. ಅವನ್ನು ಇಲ್ಲಿ ಮತ್ತೆ ಬರೆಯುವುದಿಲ್ಲ. ಎಷ್ಟು ಓದಿದರೂ ತಲೆಯಲ್ಲಿ ಕೂರದೆ ಕಾಡಿಸಿದ್ದು ರಷ್ಯಾದ ಮನೋವಿಜ್ಞಾನಿ ವೈಗೋಟ್ಸ್ಕಿಯ ಒಂದು ಪ್ರಯೋಗ. ಅದು ಹಿಡಿತಕ್ಕೆ ಸಿಕ್ಕ ಮೇಲೆ ಬೋಧನಾ ಮಾಧ್ಯಮದ ಚರ್ಚೆಯೂ ಬೇರೆ ಥರ ಕಾಣತೊಡಗಿತು. ಹಾಗಾಗಿ ಟಿಪ್ಪಣಿಯ ದೊಡ್ಡ ಪಾಲು ಅದಕ್ಕೇ ಹೋಗಿದೆ.

ಯಾರು ಏನಂದರು, ಬೇಗ ಬೇಗ

ಅಮೆರಿಕದ ವರ್ತನವಾದಿ ಮನೋವಿಜ್ಞಾನಿ ವಾಟ್ಸನ್ ಪ್ರಕಾರ ಯೋಚನೆ ಎಂದರೆ ಗಂಟಲೊಳಗೇ ಆಡಿಕೊಳ್ಳುವ ಮಾತು, ಬೇರೇನೂ ಅಲ್ಲ. ಇದು ಬಹಳ ದಿನ ನಿಲ್ಲಲಿಲ್ಲ. 1947ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಸ್ಮಿತ್ ಎಂಬ ಸಂಶೋಧಕ ಕ್ಯುರಾರೆ ಚುಚ್ಚಿಸಿಕೊಂಡು ಮೈಯ ಸ್ನಾಯುಗಳೆಲ್ಲ ಸ್ತಬ್ಧವಾಗುವಂತೆ ಮಾಡಿಕೊಂಡ. ಉಸಿರಾಟವನ್ನೂ ಬೇರೆಯವರೇ ನಡೆಸಿಕೊಡಬೇಕಾಯಿತು. ನಾಲಿಗೆ, ಗಂಟಲು ಯಾವುದೂ ಅಲುಗದ ಆ ಹೊತ್ತಿನಲ್ಲಿ ಸುತ್ತ ನಡೆದದ್ದನ್ನೆಲ್ಲ ಆತ ಆಮೇಲೆ ವಿವರವಾಗಿ ಹೇಳಿದ. ವಾಟ್ಸನ್ ಬಗ್ಗೆ ಇಷ್ಟು ಸಾಕು.

ಸ್ವಿಸ್ ಮನೋವಿಜ್ಞಾನಿ ಪಿಯಾಜೆ: ಯೋಚನೆ ಮುಂದೆ, ಭಾಷೆ ಅದರ ಹಿಂದೆ. ವೈಗೋಟ್ಸ್ಕಿ: ಎರಡಕ್ಕೂ ಬೇರೆ ಬೇರೆ ಬೇರು, ಎರಡು ವರ್ಷದ ಹೊತ್ತಿಗೆ ಅವು ಕೂಡಿಕೊಳ್ಳುತ್ತವೆ, ಅಲ್ಲಿಂದ ಮುಂದೆ ಮಾತು ಯೋಚನೆಯಾಗುತ್ತದೆ, ಯೋಚನೆ ಮಾತಾಗುತ್ತದೆ. ಇಬ್ಬರೂ ಹುಟ್ಟಿದ್ದು 1896ರಲ್ಲೇ. ಪಿಯಾಜೆ 1980ರವರೆಗೆ ಬದುಕಿದ್ದರು; ವೈಗೋಟ್ಸ್ಕಿ 1934ರಲ್ಲಿ ಕ್ಷಯದಿಂದ ತೀರಿಕೊಂಡಾಗ ವಯಸ್ಸು ಮೂವತ್ತೇಳು.

ಕಾಡಿಸಿದ ಹೆಜ್ಜೆ

ಪಿಯಾಜೆ 1920ರ ದಶಕದ ಶುರುವಿನಲ್ಲಿ ಜಿನೀವಾದ ಶಾಲೆಯೊಂದರಲ್ಲಿ ಆರು ವರ್ಷದ ಇಬ್ಬರು ಹುಡುಗರ ಮಾತನ್ನು ಬರೆಸಿಕೊಂಡರು. ಅದರಲ್ಲಿ ಅರ್ಧಕ್ಕೆ ಸ್ವಲ್ಪ ಕಡಿಮೆ ಪಾಲು ಯಾರನ್ನೂ ಉದ್ದೇಶಿಸಿದ್ದಲ್ಲ. ಚಿತ್ರ ಬಿಡಿಸುತ್ತ, ಆಡುತ್ತ ತಮ್ಮಷ್ಟಕ್ಕೆ ಹೇಳಿಕೊಳ್ಳುತ್ತಿದ್ದದ್ದು. ಇದಕ್ಕೆ ಅವರಿಟ್ಟ ಹೆಸರು ಸ್ವಕೇಂದ್ರಿತ ಮಾತು. ಮಗುವಿಗೆ ಇನ್ನೊಬ್ಬರ ಕಣ್ಣಿನಿಂದ ನೋಡಲು ಬರುವುದಿಲ್ಲ, ಅದಕ್ಕೇ ಹೀಗೆ ಆಡುತ್ತದೆ. ನಾಲ್ಕು ಜನರ ಜೊತೆ ಬೆರೆಯುವುದನ್ನು ಕಲಿತಂತೆ ಇದು ತಾನಾಗಿ ಉದುರಿಹೋಗುತ್ತದೆ ಎಂದರು. ಅವರ ಲೆಕ್ಕದಲ್ಲಿ ಈ ಮಾತಿಗೆ ಕೆಲಸವೇ ಇಲ್ಲ.

ಕೆಲಸ ಇದೆ ಎಂದವರು ವೈಗೋಟ್ಸ್ಕಿ. ಮಗು ಚಿತ್ರ ಬಿಡಿಸಲು ಕೂತಾಗ ಬೇಕಾದ ಬಣ್ಣದ ಪೆನ್ಸಿಲ್ಲೋ ಕಾಗದವೋ ಸಿಗದಂತೆ ಮಾಡಿದರು. ತೊಡಕು ಬಂದ ಕೂಡಲೇ ಸ್ವಂತಕ್ಕೆ ಆಡುವ ಮಾತು ಹೆಚ್ಚುಕಮ್ಮಿ ಇಮ್ಮಡಿಯಾಯಿತು. ಐದೂವರೆ ವರ್ಷದ ಮಗುವೊಂದು ಟ್ರಾಮ್ ಬಿಡಿಸುತ್ತಿದ್ದಾಗ ಪೆನ್ಸಿಲ್ ಮುರಿಯಿತು. ‘ಮುರೀತು’ ಎಂದು ತನ್ನಷ್ಟಕ್ಕೆ ಹೇಳಿಕೊಂಡು, ಪೆನ್ಸಿಲ್ ಇಟ್ಟು, ಬಣ್ಣ ಕೈಗೆತ್ತಿಕೊಂಡು, ಅಪಘಾತದಲ್ಲಿ ಮುರಿದ ಟ್ರಾಮನ್ನೇ ಬಿಡಿಸಿತು. ಆ ಒಂದು ಮಾತು ಇಡೀ ಚಿತ್ರದ ದಾರಿ ತಿರುಗಿಸಿತು. ಇಲ್ಲಿಯವರೆಗೆ ಯಾರಿಗೂ ತೊಂದರೆ ಇಲ್ಲ.

ತೊಂದರೆ ಮುಂದಿನದರಲ್ಲಿ. ಮಗುವನ್ನು ಅದರ ಭಾಷೆ ಬಾರದ ಮಕ್ಕಳ ನಡುವೆ, ಅಥವಾ ಕಿವಿ ಕೇಳದ ಮಕ್ಕಳ ನಡುವೆ ಕೂರಿಸಿದರು. ತನ್ನಷ್ಟಕ್ಕೆ ಆಡುವ ಮಾತು ಧಡಕ್ಕನೆ ಇಳಿಯಿತು. ಹಲವು ಮಕ್ಕಳಲ್ಲಿ ಇಲ್ಲವೇ ಇಲ್ಲ ಎನ್ನುವಷ್ಟಾಯಿತು. ಯಾರ ಮಾತೂ ಯಾರಿಗೂ ಕೇಳದಷ್ಟು ಗದ್ದಲದ ನಡುವೆ ಇಟ್ಟಾಗಲೂ ಅದೇ ಕಥೆ.

ನನ್ನ ತಕರಾರು ಇದು: ಮಾತು ತನಗಾಗಿಯೇ ಆದರೆ ಕೇಳುವವರು ಇದ್ದರೇನು, ಬಿಟ್ಟರೇನು? ಕಡಿಮೆಯಾದದ್ದು ವೈಗೋಟ್ಸ್ಕಿಯ ವಾದವನ್ನೇ ಬೀಳಿಸಬೇಕಲ್ಲ? ಗೈಡುಗಳು ಫಲಿತಾಂಶ ಬರೆದು ಮುಂದೆ ಹೋಗಿಬಿಡುತ್ತವೆ.

ಬಿಡಿಸಿಕೊಳ್ಳುವ ದಾರಿ ಎಂದರೆ ಎರಡು ಪ್ರಶ್ನೆಗಳನ್ನು ಬೇರೆ ಬೇರೆ ಇಡುವುದು. ಈ ಮಾತು ಏನು ಕೆಲಸ ಮಾಡುತ್ತದೆ? ಇದು ಎಲ್ಲಿಂದ ಹುಟ್ಟಿತು? ಕೆಲಸದ ಪ್ರಶ್ನೆಗೆ ಟ್ರಾಮ್ ಚಿತ್ರ ಉತ್ತರ: ಅದು ತನಗೆ ತಾನು ದಾರಿ ತೋರಿಸಿಕೊಳ್ಳುವ ಮಾತು. ಹುಟ್ಟಿನ ಪ್ರಶ್ನೆಗೆ ಈ ಎರಡನೇ ಪ್ರಯೋಗ ಉತ್ತರ. ಅಮ್ಮ, ಅಕ್ಕ, ಟೀಚರು ‘ಇದನ್ನು ಮೊದಲು ಇಡು, ಆಮೇಲೆ ಅದು’ ಎಂದು ಹೇಳಿಕೊಟ್ಟದ್ದನ್ನೇ ಮಗು ಈಗ ತನಗೆ ಹೇಳಿಕೊಳ್ಳುತ್ತಿದೆ. ಐದಾರು ವರ್ಷದಲ್ಲಿ ಈ ಮಾತು ಇನ್ನೂ ಇತರರ ಜೊತೆ ಆಡುವ ಮಾತಿನ ಬಳ್ಳಿಯಿಂದ ಪೂರ್ತಿ ಕಳಚಿಕೊಂಡಿಲ್ಲ. ಸುತ್ತ ಇರುವವರಿಗೆ ಅರ್ಥವಾಗುತ್ತಿದೆ ಎಂಬ ನಂಬಿಕೆ ಒಳಗೊಳಗೇ ಇರುತ್ತದೆ. ಆ ನಂಬಿಕೆ ಕಿತ್ತರೆ ಮಾತು ನಿಲ್ಲುತ್ತದೆ.

ಈಗ ಪಿಯಾಜೆಯ ಕಡೆಯಿಂದ ನೋಡಿ. ಇತರರ ಪರಿವೆ ಇಲ್ಲದ್ದೇ ಇದಕ್ಕೆ ಕಾರಣವಾಗಿದ್ದರೆ, ಅರ್ಥವಾಗದವರ ನಡುವೆ ಮಗುವಿಗೆ ಪೂರಾ ಸ್ವಾತಂತ್ರ್ಯ, ಮಾತು ಏರಬೇಕಿತ್ತು. ಇಳಿಯಿತು. ಅಂದರೆ ಫಲಿತಾಂಶದ ಏಟು ಬಿದ್ದದ್ದು ಪಿಯಾಜೆಯ ಲೆಕ್ಕದ ಮೇಲೆ.

ಇನ್ನೊಂದು ಸಾಕ್ಷಿ ಇದೆ, ಬಹಳ ಜನ ಬಿಟ್ಟುಬಿಡುತ್ತಾರೆ. ಮೂರು ವರ್ಷದ ಮಗುವಿನ ಸ್ವಗತ ನಮಗೆ ಅರ್ಥವಾಗುತ್ತದೆ, ಮಾಮೂಲಿ ಮಾತಿನ ಹಾಗೇ ಇರುತ್ತದೆ. ಏಳು ವರ್ಷಕ್ಕೆ ಬರುವಾಗ ಕರ್ತೃಪದ ಬಿಟ್ಟು, ತುಂಡು ತುಂಡಾಗಿ, ಹೊರಗಿನವರಿಗೆ ತಿಳಿಯದಂತಾಗುತ್ತದೆ. ಸಾಯುತ್ತಿರುವ ಮಾತಾದರೆ ಹೀಗೆ ತನ್ನದೇ ರೂಪ ಪಡೆಯುತ್ತ ಹೋಗುವುದಿಲ್ಲ. ಬೆರಳು ಮಡಚಿ ಎಣಿಸುತ್ತಿದ್ದ ಮಗು ಒಂದು ದಿನ ಬಾಯಿಲೆಕ್ಕಕ್ಕೆ ಬಂದಾಗ ಎಣಿಕೆ ಸತ್ತಿತು ಎನ್ನುತ್ತೇವೆಯೇ? ಒಳಗೆ ಹೋಯಿತು, ಅಷ್ಟೇ. ಹಾಗೆ ಒಳಗೆ ಹೋದದ್ದೇ ಒಳಮಾತು.

ಬಹು ಆಯ್ಕೆಯಲ್ಲಿ ‘ಕ್ರಮೇಣ ಮಾಯವಾಗುತ್ತದೆ’ ಎಂದಿದ್ದರೆ ಪಿಯಾಜೆ, ‘ಅಂತರ್ಗತವಾಗುತ್ತದೆ’ ಎಂದಿದ್ದರೆ ವೈಗೋಟ್ಸ್ಕಿ. ನಾನು ನೆನಪಿಡುವುದು ಹೀಗೆ: ಪಿಯಾಜೆ ಒಳಗಿಂದ ಹೊರಗೆ, ವೈಗೋಟ್ಸ್ಕಿ ಹೊರಗಿಂದ ಒಳಗೆ. ಸಮೀಪಸ್ಥ ವಿಕಾಸ ವಲಯವೂ (ಮಗು ಒಬ್ಬಂಟಿಯಾಗಿ ಮಾಡಲಾಗದ್ದನ್ನು ಇನ್ನೊಬ್ಬರ ನೆರವಿನಿಂದ ಮಾಡಬಲ್ಲ ಹಂತ) ಇದೇ ಸೂತ್ರಕ್ಕೆ ಬರುತ್ತದೆ. ಮೊದಲು ಇಬ್ಬರ ನಡುವೆ ನಡೆದದ್ದು ಆಮೇಲೆ ಒಬ್ಬರೊಳಗೆ.

ತರಗತಿಗೆ ಬಂದರೆ

ಇದನ್ನು ಒಪ್ಪಿದರೆ ಒಂದನೇ ತರಗತಿಯಲ್ಲಿ ‘ಬಾಯಿ ಮುಚ್ಚಿ ಲೆಕ್ಕ ಮಾಡಿ’ ಎನ್ನುವುದು ಮಗುವಿನ ಯೋಚನೆಯನ್ನೇ ನಿಲ್ಲಿಸಿದ ಹಾಗೆ. ಗದ್ದಲ ಬೇರೆ, ಗುಣುಗುಟ್ಟುವುದು ಬೇರೆ.

ನನಗೆ ದೊಡ್ಡದಾಗಿ ಕಂಡದ್ದು ಮುಂದಿನ ಮಾತು. ಒಳಮಾತು ಹೊರಗಿನ ಮಾತಿನಿಂದಲೇ ಬೆಳೆಯುವುದಾದರೆ, ಸುತ್ತಲಿನ ಮಾತೇ ಅರ್ಥವಾಗದ ತರಗತಿಯಲ್ಲಿ ಕೂತ ಆರು ವರ್ಷದ ಮಗು ಒಳಕ್ಕೆ ಒಯ್ಯುವುದಾದರೂ ಏನನ್ನು? ಮನೆಯ ಭಾಷೆಯ ಪರ ವಾದಿಸಲು ಅಭಿಮಾನದ ಭಾಷಣ ಬೇಕಿಲ್ಲ, ಈ ಒಂದು ಪ್ರಶ್ನೆ ಇಟ್ಟರೆ ಸಾಕು. ಹಾಗಂತ ವೈಗೋಟ್ಸ್ಕಿ ಎರಡನೇ ಭಾಷೆಯ ವಿರೋಧಿ ಎಂದು ಬರೆಯಬೇಡಿ. ಪರಭಾಷೆ ಕಲಿತಾಗ ಸ್ವಂತ ಭಾಷೆಯ ಬಗ್ಗೆ ಅರಿವು ಹೆಚ್ಚುತ್ತದೆ ಎಂದವರೇ ಅವರು.

ಇಲ್ಲೇ ದ್ವಿಭಾಷಾ ಶಿಕ್ಷಣದ ಸಂಶೋಧಕ ಕಮಿನ್ಸ್ (1979) ಸೇರಿಸಿಕೊಳ್ಳಿ. ದಿನದ ಮಾತುಕತೆಗೆ ಬೇಕಾದ ಭಾಷೆ ಸುಮಾರು ಎರಡು ವರ್ಷದಲ್ಲಿ ಬರುತ್ತದೆ, ಪಾಠ ಓದಿ ತರ್ಕಿಸಲು ಬೇಕಾದದ್ದಕ್ಕೆ ಐದರಿಂದ ಏಳು ವರ್ಷ. ‘ಮಿಸ್, ಮೇ ಐ ಗೋ ಟು ಟಾಯ್ಲೆಟ್’ ಎಂದು ಪಟಪಟನೆ ಹೇಳುವ ನಾಲ್ಕನೇ ತರಗತಿಯ ಮಗು ಇಂಗ್ಲಿಷಿನ ನೀರಿನ ತೊಟ್ಟಿ ಲೆಕ್ಕದ ಮುಂದೆ ಪೆಚ್ಚಾಗಿ ಕೂರುವುದು ಇದಕ್ಕೇ. ಮನೆಯವರು ಮೊದಲನೆಯದನ್ನು ಕೇಳಿ ಖುಷಿಪಡುತ್ತಾರೆ, ಪರೀಕ್ಷೆ ಎರಡನೆಯದನ್ನು ಕೇಳುತ್ತದೆ.

ವೋರ್ಫ್: ಐದು ಸಾಲು

ಭಾಷೆ ಯೋಚನೆಯನ್ನು ಕಟ್ಟಿಹಾಕುತ್ತದೆ ಎಂಬ, ಅಮೆರಿಕದ ಭಾಷಾತಜ್ಞ ವೋರ್ಫ್ ಹೆಸರಿಗೆ ಅಂಟಿದ ಗಟ್ಟಿ ವಾದವನ್ನು ಈಗ ಹೆಚ್ಚಿನವರು ಒಪ್ಪುವುದಿಲ್ಲ. ಗಮನವನ್ನು ಒಂದು ಕಡೆಗೆ ಒಲಿಸುತ್ತದೆ ಎಂಬ ಮೆದು ವಾದಕ್ಕೆ ಸಾಕ್ಷಿ ಇದೆ. ರಷ್ಯನ್‌ನಲ್ಲಿ ತಿಳಿನೀಲಿಗೂ ಕಡುನೀಲಿಗೂ ಬೇರೆ ಬೇರೆ ಮೂಲ ಹೆಸರು. 2007ರ ಪ್ರಯೋಗದಲ್ಲಿ ಆ ಗಡಿಯ ಎರಡು ಬದಿಯ ಛಾಯೆಗಳನ್ನು ರಷ್ಯನ್ನರು ಬೇಗ ಗುರುತಿಸಿದರು, ಇಂಗ್ಲಿಷ್ ಮಾತಾಡುವವರಲ್ಲಿ ಆ ಲಾಭ ಕಾಣಲಿಲ್ಲ. ಆಸ್ಟ್ರೇಲಿಯಾದ ಗೂಗು ಯಿಮಿಥಿರ್ ಜನ ಎಡ-ಬಲದ ಬದಲು ದಿಕ್ಕು ಹೇಳುತ್ತಾರೆ ಎಂಬುದು ಎರಡನೇ ಉದಾಹರಣೆ. ಎಸ್ಕಿಮೊಗಳಿಗೆ ಹಿಮಕ್ಕೆ ಲೆಕ್ಕವಿಲ್ಲದಷ್ಟು ಪದಗಳಿವೆ ಎಂಬ ಕಥೆ ಬರೆಯಬೇಡಿ, ಅದು ಬಾಯಿಂದ ಬಾಯಿಗೆ ಊದಿಕೊಂಡದ್ದು.

ಬರ್ನ್‌ಸ್ಟೀನ್ ಬರೆದರೆ ಲಬೋವ್ ಬಿಡಬೇಡಿ

ಲಂಡನ್ನಿನ ಕಾರ್ಮಿಕರ ಮನೆಗಳಲ್ಲಿ ಸಂದರ್ಭಕ್ಕೆ ಅಂಟಿದ ಸೀಮಿತ ಸಂಕೇತ (ಮಾತಿನ ಬಗೆ), ಮಧ್ಯಮವರ್ಗದಲ್ಲಿ ಬಿಡಿಸಿ ಹೇಳುವ ವಿಸ್ತೃತ ಸಂಕೇತವೂ ಇರುತ್ತದೆ, ಶಾಲೆ ಬಯಸುವುದು ಎರಡನೆಯದನ್ನು ಎಂದರು ಬ್ರಿಟನ್ನಿನ ಸಮಾಜಶಾಸ್ತ್ರಜ್ಞ ಬರ್ನ್‌ಸ್ಟೀನ್. ಇದನ್ನು ಬಡ ಮಕ್ಕಳಿಗೆ ಭಾಷೆಯೇ ಕಮ್ಮಿ ಎಂದು ಓದಿದವರು ಬಹಳ. ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ ಭಾಷಾವಿಜ್ಞಾನಿ ಲಬೋವ್ ತಂಡ ಮಾಡಿದ್ದು ನೋಡಿ. ದೊಡ್ಡವರು ಪ್ರಶ್ನೆ ಹಾಕಿದಾಗ ಒಂದೆರಡು ಪದದಲ್ಲಿ ಉತ್ತರಿಸುತ್ತಿದ್ದ ಎಂಟು ವರ್ಷದ ಹುಡುಗ, ಅವನ ಗೆಳೆಯನನ್ನು ಕರೆತಂದು, ಚಿಪ್ಸ್ ಪೊಟ್ಟಣ ಇಟ್ಟು, ಸಂದರ್ಶಕನೂ ನೆಲದ ಮೇಲೇ ಕೂತಾಗ ಬಿಡುವಿಲ್ಲದೆ ಮಾತಾಡಿದ. ಕೊರತೆ ಸಂದರ್ಶನದಲ್ಲಿತ್ತು. ಶಾಲೆಗೆ ಮೇಲಧಿಕಾರಿ ಬಂದ ದಿನ ನಮ್ಮ ಮಕ್ಕಳು ಹೇಗಿರುತ್ತಾರೆ ಎಂದು ನೆನೆಸಿಕೊಳ್ಳಿ. ಕಲಬುರಗಿ ಕಡೆಯ ಮನೆಮಾತನ್ನು ‘ತಪ್ಪು ಕನ್ನಡ’ ಎಂದು ತಿದ್ದುವ ಶಿಕ್ಷಕರಿಗೂ ಇದೇ ಉತ್ತರ.

ಕಾನೂನು

ಸಂವಿಧಾನದ 350ಎ ವಿಧಿ (1956ರ ಏಳನೇ ತಿದ್ದುಪಡಿ): ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಬೋಧನೆಗೆ ಸೌಲಭ್ಯ. ಶಿಕ್ಷಣ ಹಕ್ಕು ಕಾಯ್ದೆ 2009, ಸೆಕ್ಷನ್ 29: ಕಾರ್ಯಸಾಧ್ಯವಿದ್ದಷ್ಟೂ ಮಾತೃಭಾಷೆಯಲ್ಲಿ. ರಾಷ್ಟ್ರೀಯ ಶಿಕ್ಷಣ ನೀತಿ 2020: ಸಾಧ್ಯವಿರುವಲ್ಲೆಲ್ಲ ಕನಿಷ್ಠ ಐದನೇ ತರಗತಿವರೆಗೆ.

ಕರ್ನಾಟಕ 1994ರಲ್ಲಿ ಒಂದರಿಂದ ನಾಲ್ಕನೇ ತರಗತಿವರೆಗೆ ಮಾತೃಭಾಷೆ ಅಥವಾ ಕನ್ನಡ ಮಾಧ್ಯಮ ಎಂದು ಆದೇಶಿಸಿತು. ಖಾಸಗಿ ಅನುದಾನರಹಿತ ಶಾಲೆಗಳಿಗೆ ಅದು ಅನ್ವಯಿಸದು ಎಂದು ಹೈಕೋರ್ಟ್ 2008ರಲ್ಲಿ ಹೇಳಿತು. 2014ರ ಮೇ 6ರಂದು ಸುಪ್ರೀಂ ಕೋರ್ಟಿನ ಐವರ ಪೀಠ ಇದನ್ನೇ ಎತ್ತಿಹಿಡಿಯಿತು: ಮಾಧ್ಯಮದ ಆಯ್ಕೆ ಸಂವಿಧಾನದ 19(1)(ಎ) (ವಾಕ್ ಸ್ವಾತಂತ್ರ್ಯ) ಅಡಿ ಬರುತ್ತದೆ, ಸರ್ಕಾರ ಹೇರುವಂತಿಲ್ಲ. ಮಾಧ್ಯಮದ ಹೇರಿಕೆ ಬಿದ್ದಿತೇ ಹೊರತು ಕನ್ನಡವನ್ನು ಒಂದು ವಿಷಯವಾಗಿ ಕಲಿಸುವುದಲ್ಲ. ಅದಕ್ಕೆ 2015ರ ಕನ್ನಡ ಭಾಷಾ ಕಲಿಕಾ ಕಾಯ್ದೆ ಬೇರೆಯೇ ಇದೆ. ಪರೀಕ್ಷೆಯಲ್ಲಿ ಬೆರೆಸಬೇಡಿ.

ಈ ಇಡೀ ಜಗಳ ಕನ್ನಡ ಮತ್ತು ಇಂಗ್ಲಿಷಿನ ನಡುವೆಯೇ ನಡೆಯಿತು ಎಂಬುದು ನನ್ನ ಆಕ್ಷೇಪ. 2011ರ ಜನಗಣತಿಯಲ್ಲಿ ಕನ್ನಡವನ್ನು ಮಾತೃಭಾಷೆ ಎಂದವರು ರಾಜ್ಯದ ಮೂರನೇ ಎರಡು ಪಾಲಿನಷ್ಟು. ಉಳಿದವರಲ್ಲಿ ಉರ್ದು, ತೆಲುಗು, ತಮಿಳು, ಮರಾಠಿ ಮನೆಗಳ ಕೆಲವರಿಗಾದರೂ ಅವರ ಮಾಧ್ಯಮದ ಶಾಲೆ ಸಿಗುತ್ತದೆ. ತಾಂಡಾದಿಂದ ಬರುವ ಲಂಬಾಣಿ ಮಗುವಿಗೆ ಕನ್ನಡ ಮಾಧ್ಯಮವೂ ಎರಡನೇ ಭಾಷೆಯೇ. ಆ ಮಗುವಿನ ಸ್ವಗತ ಗೋರ್ ಬೋಲಿಯಲ್ಲಿ (ಲಂಬಾಣಿ ಭಾಷೆಯಲ್ಲಿ) ಇರುತ್ತದೆ, ಅದನ್ನು ಕೇಳಿಸಿಕೊಂಡು ಉತ್ತರಿಸಬಲ್ಲ ಟೀಚರು ಒಂದನೇ ತರಗತಿಯಲ್ಲಿ ಇದ್ದಾರೋ ಇಲ್ಲವೋ ಎಂಬುದು ಇವತ್ತಿಗೂ ಆಯಾ ಶಾಲೆಯ ಅದೃಷ್ಟಕ್ಕೆ ಬಿಟ್ಟದ್ದು.