ವೆಲ್ವೆಟ್ ಅನ್ನೋದು ಜಿಂಕೆ ಜಾತಿ ಅಲ್ಲ

ಭದ್ರಾ ಕಾಡಿನ ಮುತ್ತೋಡಿ ಸಫಾರಿ ಫೋಟೋ ಕೆಳಗೆ "ಅಪರೂಪದ ವೆಲ್ವೆಟ್ ಜಿಂಕೆ" ಅಂತ ಬರೆಯೋದನ್ನ ಇನ್ನಾದ್ರೂ ನಿಲ್ಲಿಸ್ರಪ್ಪ. ಅದು ಮಾಮೂಲಿ ಚುಕ್ಕೆ ಜಿಂಕೆನೇ. ವೆಲ್ವೆಟ್ ಅಂದ್ರೆ ಕೊಂಬಿನ ಒಂದು ಹಂತ, ಗಂಡು ಜಿಂಕೆ ಆಗಿ ಹುಟ್ಟಿದ್ಮೇಲೆ ಎಲ್ಲದಕ್ಕೂ ಬರುತ್ತೆ, ಹೋಗುತ್ತೆ.

ಜಿಂಕೆ, ಕಡವೆ ಕೊಂಬು ಪೂರ್ತಿ ಮೂಳೆ. ಕಾಟಿ, ಅಂದ್ರೆ ಕಾಡುಕೋಣದ ಕೊಂಬಿನ ಥರ ಒಳಗೆ ಮೂಳೆ, ಹೊರಗೆ ಉಗುರಿನಂಥ ಚಿಪ್ಪು ಅಲ್ಲ, ಕಾಟಿದು ಜೀವ ಇರೋವರೆಗೂ ಉಳಿಯುತ್ತೆ, ಇವುಗಳದ್ದು ಉದುರಿ ಮತ್ತೆ ಹೊಸದಾಗಿ ಬರುತ್ತೆ. ಬೆಳೆಯೋವಾಗ ಅದರ ಮೇಲೆ ನವಿರು ರೋಮದ ಚರ್ಮ ಇರುತ್ತೆ, ಅದರ ತುಂಬ ರಕ್ತನಾಳ, ಮೂಳೆಗೆ ಊಟ ಅಲ್ಲಿಂದಾನೇ. ಆ ಚರ್ಮಕ್ಕೇ ವೆಲ್ವೆಟ್ ಅನ್ನೋದು. ಟೆಸ್ಟೋಸ್ಟಿರಾನ್ ಅನ್ನೋ ಗಂಡು ಹಾರ್ಮೋನು ಏರಿದಾಗ ಕೊಂಬು ಗಟ್ಟಿಯಾಗುತ್ತೆ, ರಕ್ತ ನಿಲ್ಲುತ್ತೆ, ಚರ್ಮ ಒಣಗಿ ಹರಿಯುತ್ತೆ, ಪ್ರಾಣಿ ಅದನ್ನ ಮರಕ್ಕೋ ಪೊದೆಗೋ ತಿಕ್ಕಿ ಕಳಚುತ್ತೆ. ಆಗ ರಕ್ತ ಮೆತ್ಕೊಂಡ ಚೂರುಗಳು ನೇತಾಡೋದನ್ನ ನೋಡಿ "ಪಾಪ ಗಾಯ ಆಗಿದೆ, ಫಾರೆಸ್ಟ್‌ನೋರಿಗೆ ಹೇಳಿ" ಅಂತ ಗೋಳಾಡೋರಿಗೆ ಏನ್ ಹೇಳೋದು.

ಇನ್ನೊಂದು ಕಾಟ ಅಮೆರಿಕದ ಬೇಟೆ ವಿಡಿಯೋಗಳದ್ದು. ಅಲ್ಲಿ ಲೈಸೆನ್ಸ್ ಇಟ್ಕೊಂಡು ಬೇಟೆ ಆಡ್ತಾರೆ, ಸೀಸನ್‌ಗೆ ಮುಂಚೆ ಜುಲೈ, ಆಗಸ್ಟ್‌ನಲ್ಲಿ ಬೈನಾಕ್ಯುಲರ್ ಹಿಡ್ಕೊಂಡು ಬಿಳಿಬಾಲದ ಜಿಂಕೆಗಳ ಕೊಂಬು ಅಳೀತಾರೆ, ಒಂದು ಕಿವಿ ತುದಿಯಿಂದ ಇನ್ನೊಂದು ಕಿವಿ ತುದಿವರೆಗೆ ಎಷ್ಟು ಅಗಲ ಅದಕ್ಕೆ ಹೋಲಿಸಿ ಕೊಂಬು ಎಷ್ಟು ಅಂತ ಲೆಕ್ಕ. ತುದಿ ದುಂಡಗೆ ಉಬ್ಬಿದ್ರೆ ಇನ್ನೂ ಬೆಳೀತಿದೆ, ಚೂಪಾಗಿದ್ರೆ ಹತ್ರಹತ್ರ ಮುಗೀತು. ವೆಲ್ವೆಟ್ ಇರೋವಾಗ ಕೊಂಬು ಇರೋದಕ್ಕಿಂತ ದಪ್ಪ ಕಾಣುತ್ತೆ, ಚರ್ಮ ಹೋದ್ಮೇಲೆ ಸಣ್ಣಗಾಗಿ ನಿರಾಸೆ ಆಗೋದು ಅಲ್ಲಿನ ಷಿಕಾರಿಗಳಿಗೆ ಮಾಮೂಲು. ಇದೆಲ್ಲ ಸರಿ. ಆದ್ರೆ ಅದನ್ನ ನೋಡಿ ಬಂದ ನಮ್ಮ ಹೋಮ್‌ಸ್ಟೇ ಗೈಡು "ಈಗ ವೆಲ್ವೆಟ್ ಸೀಸನ್ ಸಾರ್" ಅಂತಾನಲ್ಲ, ಅದು ತಪ್ಪು. ಅಲ್ಲಿ ಹಗಲು ಉದ್ದ ಆಗೋದು ಗಿಡ್ಡ ಆಗೋದು ಜೋರು, ಅದಕ್ಕೆ ತಕ್ಕ ಹಾಗೆ ಎಲ್ಲ ಗಂಡುಗಳ ಕೊಂಬೂ ಹೆಚ್ಚುಕಮ್ಮಿ ಒಟ್ಟಿಗೇ ಬೆಳೆಯುತ್ತೆ. ಭದ್ರಾ ಕಾಡಿನ ಚುಕ್ಕೆ ಜಿಂಕೆಗೆ ಅಂಥ ಒಂದೇ ಕ್ಯಾಲೆಂಡರ್ ಇಲ್ಲ, ಒಂದೇ ಹಿಂಡಲ್ಲಿ ಒಂದಕ್ಕೆ ವೆಲ್ವೆಟ್, ಇನ್ನೊಂದಕ್ಕೆ ಗಟ್ಟಿ ಕೊಂಬು, ಮತ್ತೊಂದು ಈಗಷ್ಟೇ ಉದುರಿಸ್ಕೊಂಡು ಬೋಳುತಲೆ. ಆ ಬೋಳುತಲೆನ ಹೆಣ್ಣು ಅಂತ ಎಣಿಸೋರೂ ಇದ್ದಾರೆ ಬಿಡಿ.

ಕವಲು ಎಣಿಸಿ ವಯಸ್ಸು ಹೇಳೋದಂತೂ ಬೇಡವೇ ಬೇಡ. ಚುಕ್ಕೆ ಜಿಂಕೆಗೂ ಕಡವೆಗೂ ಬಲಿತ ಮೇಲೆ ಸಾಮಾನ್ಯವಾಗಿ ಒಂದೊಂದು ಕಡೆ ಮೂರೇ ತುದಿ, ಎರಡೂ ಸೇರಿ ಆರು, ಹಂಗಂತ ಎಲ್ಲವಕ್ಕೂ ಆರು ವರ್ಷವಾ?

ಕಾಡುಕುರಿ, ಅಂದ್ರೆ ಬೊಗಳೋ ಪುಟ್ಟ ಜಿಂಕೆ, ಅದರ ವಿಷಯ ಇನ್ನೂ ಮಜಾ. ಅದರ ಕೊಂಬು ಚಿಕ್ಕದು, ಕೊಂಬು ಕೂರೋ ಬುಡದ ಮೂಳೆನೇ ಉದ್ದ, ಅದರ ಮೇಲೆ ಯಾವಾಗ್ಲೂ ರೋಮ ಇರುತ್ತೆ. ಸಕಲೇಶಪುರದ ಕಡೆ ತೋಟದಲ್ಲಿ ಕಂಡದ್ದನ್ನ ಫೋಟೋ ಹೊಡೆದು "ವೆಲ್ವೆಟ್‌ನಲ್ಲಿದೆ" ಅಂತ ಹಾಕ್ತಾರೆ. ರೋಮದ ಬುಡ ಬಿಟ್ಟು ಮೇಲಿನ ಪುಟ್ಟ ಕೊಂಬನ್ನ ನೋಡಿ, ಅದು ಬೆತ್ತಲೆಯಾಗಿ ನುಣ್ಣಗಿದ್ರೆ ವೆಲ್ವೆಟ್ ಯಾವಾಗಲೋ ಹೋಗಿದೆ.