ವರ್ತೂರಿನ ನೊರೆ ಹೊಸೂರಿಗೆ ಬಂದ ದಾರಿ

ಮಳೆ ಜೋರಾದಾಗ ತಮಿಳುನಾಡಿನ ಹೊಸೂರು ಪಕ್ಕದ ಕೆಲವರಪಳ್ಳಿ ಅಣೆಕಟ್ಟಿನ ಬಾಗಿಲು ತೆರೆಯುತ್ತಾರೆ. ಆಗ ಹೊಳೆ ತುಂಬಾ ಬಿಳಿ ನೊರೆ ಗುಡ್ಡೆಗುಡ್ಡೆಯಾಗಿ ಏಳುತ್ತದೆ. ಎಷ್ಟೋ ಸಲ ಹೊಳೆ ದಾಟುವ ರಸ್ತೆಯೇ ಮುಚ್ಚಿಹೋಗುತ್ತದೆ. ಇದೇ ನೀರು ನಮ್ಮ ಭಾಗದ ಸಾವಿರಾರು ಎಕರೆ ಗದ್ದೆ, ತೋಟಕ್ಕೆ ಹರಿಯಬೇಕು. ಈ ನೊರೆಯ ಬೇರು ಹುಡುಕಿಕೊಂಡು ಹೊಳೆಯ ಮೇಲಕ್ಕೆ ಹೋದರೆ, ಬೆಂಗಳೂರಿನ ದುಬಾರಿ ಫ್ಲಾಟುಗಳ ನಡುವಿನ ಬೆಳ್ಳಂದೂರು, ವರ್ತೂರು ಕೆರೆಗಳು ಸಿಗುತ್ತವೆ.

ಬೆಂಗಳೂರಿನ ಹಿಂದಿನವರು ಮಳೆ ನೀರು ಹಿಡಿಯಲು ಕೆರೆ ಕಟ್ಟಿ, ರಾಜಕಾಲುವೆಗಳಿಂದ ಒಂದಕ್ಕೊಂದು ಜೋಡಿಸಿದರು. ಮೇಲಿನ ಕೆರೆ ಕೋಡಿ ಬಿದ್ದರೆ ಕೆಳಗಿನದು ತುಂಬುತ್ತಿತ್ತು. ಸುಮಾರು 900 ಎಕರೆಯ ಬೆಳ್ಳಂದೂರು ಕೆರೆಯ ನೀರು ವರ್ತೂರಿಗೆ, ಅಲ್ಲಿಂದ ದಕ್ಷಿಣ ಪಿನಾಕಿನಿಗೆ. ನಂದಿ ಬೆಟ್ಟದ ಕಡೆಯಿಂದ ಬರುವ ಈ ಹೊಳೆ ಕೊಡಿಯಾಳದ ಹತ್ತಿರ ತಮಿಳುನಾಡಿಗೆ ಕಾಲಿಟ್ಟು ಕೆಲವರಪಳ್ಳಿ ಸೇರುತ್ತದೆ. ಬೆಳ್ಳಂದೂರಿನ ಕೋಡಿಗೂ ನಮ್ಮ ಹೊಲಕ್ಕೂ ನಂಟು ಬೆಸೆದದ್ದು ಹೀಗೆ.

ಊರು ಬೆಳೆದಂತೆ ರಾಜಕಾಲುವೆಗೆ ಚರಂಡಿ ನೀರು ಸೇರಿತು. 1990ರ ದಶಕದಲ್ಲಿ ವೈಟ್‌ಫೀಲ್ಡ್ ಕಡೆ ಐಟಿ ಕಂಪನಿಗಳು ಬಂದವು. ಕೆರೆ ಸುತ್ತಲಿನ ಹೊಲ ಸೈಟಾಯಿತು, ಸೈಟು ಅಪಾರ್ಟ್‌ಮೆಂಟಾಯಿತು. ಬಾಲ್ಕನಿಯಿಂದ ಕೆರೆ ಕಾಣುತ್ತದೆ ಅಂದರೆ ಬೆಲೆಯೂ ಜಾಸ್ತಿ. ಮನೆಗಳು ಬಂದ ವೇಗದಲ್ಲಿ ಒಳಚರಂಡಿ ಪೈಪು ಬರಲಿಲ್ಲ. ಸೋಪಿನ ಪುಡಿಯ ರಾಸಾಯನಿಕ, ರಂಜಕ (ಫಾಸ್ಫರಸ್) ಎಲ್ಲಾ ಕೆರೆಗೆ ಇಳಿಯಿತು. ಅಂಥ ನೀರು ಕೋಡಿಯಲ್ಲೋ ಅಣೆಕಟ್ಟಿನ ಬಾಗಿಲಲ್ಲೋ ಧುಮುಕಿ ಗಾಳಿ ಬೆರೆತರೆ ಸಾಕು, ನೊರೆ ಏಳುತ್ತದೆ.

ಫ್ಲಾಟಿನವರನ್ನೇ ಬೈದರೆ ಅನ್ಯಾಯ. ಅರ್ಧ ಊರಿನ ಕೊಳಚೆ ಅವರ ಕಿಟಕಿ ಮುಂದೆ ಬಂದು ನಿಂತಿದೆ. ನಾತ, ಸೊಳ್ಳೆ, ರಸ್ತೆಗೆ ಹಾರುವ ನೊರೆ ಅವರಿಗೂ ತಪ್ಪಿಲ್ಲ. 2015ರಲ್ಲಿ ಬೆಳ್ಳಂದೂರಿನ ನೊರೆಗೆ ಬೆಂಕಿ ಹತ್ತಿತು. 2018ರ ಜನವರಿಯಲ್ಲಿ ಮತ್ತೆ ಬೆಂಕಿ ಬಿದ್ದಾಗ ಆರಿಸಲು ಸೈನಿಕರು ಬಂದರು. ಫ್ಲಾಟಿನವರ ದೂರು, ಹೋರಾಟದಿಂದಲೇ ದೇಶದ ಕಣ್ಣು ಈ ಕೆರೆಗಳ ಮೇಲೆ ಬಿತ್ತು.

ಕೆರೆಯಿಂದ 75 ಮೀಟರ್ ಜಾಗ ಖಾಲಿ ಬಿಡಬೇಕು ಎಂದು ಪರಿಸರದ ಕೇಸು ನೋಡುವ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರಲ್ಲಿ ಹೇಳಿತ್ತು. 2019ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ಈ ನಡುವೆ, 2018ರ ಡಿಸೆಂಬರ್‌ನಲ್ಲಿ, ಕೆರೆ ಕೆಡಲು ಬಿಟ್ಟದ್ದಕ್ಕೆ ನ್ಯಾಯಮಂಡಳಿ ಕರ್ನಾಟಕ ಸರ್ಕಾರಕ್ಕೆ 50 ಕೋಟಿ, ಬೆಂಗಳೂರು ಪಾಲಿಕೆಗೆ 25 ಕೋಟಿ ರೂಪಾಯಿ ದಂಡ ಹಾಕಿತು.

ನಮ್ಮ ಕಷ್ಟವೇ ಬೇರೆ. ಬಾಗಲೂರು, ಹೊಸೂರು ಸುತ್ತಿನ ಕನ್ನಡದ ಮನೆಗಳಿಗೆ ಬೆಂಗಳೂರಿನಲ್ಲಿ ನೆಂಟರಿದ್ದಾರೆ, ಓಟಿಲ್ಲ. ಕೊಳಚೆ ಬರುವುದು ಒಂದು ರಾಜ್ಯದಿಂದ, ದೂರು ಕೊಡಬೇಕಾದದ್ದು ಇನ್ನೊಂದು ರಾಜ್ಯದಲ್ಲಿ. ಅರ್ಜಿ ಹೊತ್ತ ರೈತ ಯಾರ ಬಾಗಿಲು ತಟ್ಟಬೇಕು ಹೇಳಿ?

2019ರಲ್ಲಿ ಹೊಸೂರು ಮಹಾನಗರಪಾಲಿಕೆಯಾಯಿತು. ಬೆಂಗಳೂರಲ್ಲಿ ಕೊಳ್ಳಲಾಗದವರು ಈಗ ಇಲ್ಲಿ ಸೈಟು ನೋಡುತ್ತಾರೆ. ಇಲ್ಲೂ ಕೆರೆಗಳಿವೆ. ಅವುಗಳ ಸುತ್ತ ಲೇಔಟಿಗೆ ಒಪ್ಪಿಗೆ ಕೊಡುವ ಮೊದಲೇ ಒಳಚರಂಡಿ ಪೈಪು, ನೀರು ಶುದ್ಧ ಮಾಡುವ ಘಟಕ ಆಗಬೇಕು. ಬೆಳ್ಳಂದೂರಲ್ಲಿ ಅವೆರಡೂ ಮನೆಗಳಿಗಿಂತ ಹಿಂದೆ ಬಿದ್ದವು.