ಗ್ರಾಮ ಸಭೆ ಅಂದರೆ ಬರೀ ಮೀಟಿಂಗ್ ಅಲ್ಲ

ಗದಗ ತಾಲ್ಲೂಕಿನ ಒಂದು ಊರಲ್ಲಿ ಐದನೇ ತರಗತಿಯ ಮಕ್ಕಳಿಗೆ ‘ಗ್ರಾಮ ಸಭೆ ಅಂದರೇನು?’ ಅಂತ ಕೇಳಿದೆ. ‘ಪಂಚಾಯ್ತಿ ಮೆಂಬರ್ ಕೂಡೂದ್ರೀ ಸರ್’ ಅಂದಳು ಒಬ್ಬ ಹುಡುಗಿ. ಅವಳನ್ನು ಬೈಯುವ ಹಾಗಿಲ್ಲ, ದೊಡ್ಡವರೂ ಹಾಗೇ ತಿಳಿದಿದ್ದಾರೆ. ಪಂಚಾಯತ್ ರಾಜ್ ಕಲಿಸಲೆಂದೇ ಒಂದು ವಿಶ್ವವಿದ್ಯಾಲಯ ಇರುವ ಗದಗಿನಲ್ಲೇ ಈ ಗೊಂದಲ ನೋಡಿ!

ಮೆಂಬರ್‌ಗಳು ಕೂಡುವುದು ಗ್ರಾಮ ಪಂಚಾಯಿತಿ ಸಭೆ. ಗ್ರಾಮ ಸಭೆ ಬೇರೆ.

ತೊಡಕಿರುವುದು ಹೆಸರಿನಲ್ಲೇ. ಸಭೆ ಅಂದ ಕೂಡಲೇ ನಮಗೆ ಪೆಂಡಾಲು, ಮೈಕು, ಕೊನೆಗೆ ಚಹಾ ನೆನಪಾಗುತ್ತವೆ. ಆದರೆ ಸಂವಿಧಾನದ 243ನೇ ವಿಧಿ ಗ್ರಾಮ ಸಭೆ ಅಂತ ಕರೆಯುವುದು ಮಂದಿಯನ್ನು. ಪಂಚಾಯಿತಿಗೆ ಸೇರಿದ ಊರಿನ ಮತದಾರರ ಪಟ್ಟಿಯಲ್ಲಿ ಹೆಸರಿರುವ ಅಷ್ಟೂ ಜನ ಅದರ ಸದಸ್ಯರು. ನಿಮ್ಮ ಅಪ್ಪ, ಅವ್ವ, ಕಿರಾಣಿ ಅಂಗಡಿ ಕಾಕಾ, ಕಟ್ಟೆ ಮೇಲೆ ಕೂಡುವ ಅಜ್ಜ, ಎಲ್ಲರೂ. ಯಾರೂ ಚುನಾವಣೆಗೆ ನಿಲ್ಲಬೇಕಿಲ್ಲ. ಅವರೆಲ್ಲ ಹೊಲದಲ್ಲಿ ಹತ್ತಿ ಬಿಡಿಸುತ್ತಿದ್ದಾಗಲೂ ಗ್ರಾಮ ಸಭೆ ಇದ್ದೇ ಇರುತ್ತದೆ.

ಗ್ರಾಮ ಪಂಚಾಯಿತಿ ಹಾಗಲ್ಲ. ಕರ್ನಾಟಕದಲ್ಲಿ ಸುಮಾರು 400 ಜನಕ್ಕೆ ಒಬ್ಬರಂತೆ ಆರಿಸಿ ಕಳಿಸುತ್ತೇವೆ, ಐದು ವರ್ಷಕ್ಕೆ ಅವರ ಅವಧಿ ಮುಗಿಯುತ್ತದೆ. ಕ್ಲಾಸ್ ಲೀಡರ್ ಬೇರೆ, ಇಡೀ ಕ್ಲಾಸು ಬೇರೆ ಅಲ್ವಾ? ಹಂಗೇ ಇದು. 1993ರ ಏಪ್ರಿಲ್ 24ರಂದು ಜಾರಿಗೆ ಬಂದ 73ನೇ ತಿದ್ದುಪಡಿಯಿಂದ ಈ ಎರಡಕ್ಕೂ ಸಂವಿಧಾನದಲ್ಲಿ ಜಾಗ ಸಿಕ್ಕಿತು.

ಆರು ತಿಂಗಳಿಗೊಮ್ಮೆಯಾದರೂ ಗ್ರಾಮ ಸಭೆಯ ಈ ಮಂದಿಯನ್ನು ಕರೆದು ಕೂಡಿಸಬೇಕು. ಮೊದಲು ಡಂಗುರ ಸಾರುತ್ತಿದ್ದರು, ಈಗ ಆಟೋದಲ್ಲಿ ಮೈಕು. ಯಾವ ಓಣಿಗೆ ಗಟಾರ ಬೇಕು, ಸರಕಾರದ ಮನೆ ಯಾರಿಗೆ ಕೊಡಬೇಕು ಎಂಬ ಮಾತು ಬರುವುದು ಇಲ್ಲೇ. ಹೋದ ಸಲದ ಹಣ ಎಲ್ಲಿ ಹೋಯಿತು ಅಂತಲೂ ಕೇಳಬಹುದು. ಹಳೇ ಚಪ್ಪಲಿ ಹಾಕಿಕೊಂಡು ಬಂದ ಆಯಿ ಕೇಳಿದರೂ ಅಧ್ಯಕ್ಷರು ಉತ್ತರ ಕೊಡಬೇಕು. ನನಗೆ ಇದರಲ್ಲಿ ಜಾಸ್ತಿ ಇಷ್ಟವಾಗುವುದು ಇದೇ. ಎಲ್ಲರೂ ಒಪ್ಪಿದ್ದನ್ನು ಪುಸ್ತಕದಲ್ಲಿ ಬರೆಯುತ್ತಾರೆ. ಅದಕ್ಕೆ ನಮ್ಮ ಕಡೆ ಠರಾವು ಅಂತಾರೆ.

‘ಹಂಗಾರ ನಾವು?’ ಅಂದಳು ಅದೇ ಹುಡುಗಿ.

18 ತುಂಬಿ ಪಟ್ಟಿಗೆ ಹೆಸರು ಸೇರಿದ ಮೇಲೆ ನೀವೂ ಸದಸ್ಯರೇ. ಅಲ್ಲಿಯತನಕ ಸುಮ್ನೆ ಕೂಡಬೇಕಿಲ್ಲ. ನಮ್ಮ ರಾಜ್ಯದಲ್ಲಿ ಮಕ್ಕಳ ಗ್ರಾಮ ಸಭೆ ಅಂತಲೇ ನಡೆಯುತ್ತದೆ, ಹೆಚ್ಚಾಗಿ ನವೆಂಬರ್ ಹೊತ್ತಿಗೆ. ಕೆಲವು ಕಡೆ ಫೋಟೋ ತೆಗೆದು ಬಿಸ್ಕಿಟ್ ಹಂಚಿ ಮುಗಿಸಿಬಿಡುತ್ತಾರೆ, ಆ ಮಾತು ಬೇರೆ.

‘ಸಾಲಿ ಮುಂದ ಗಟಾರ ತುಂಬಿ ಹರಿತೈತಿ. ಅದನ್ನ ಕೇಳಬೌದೇನ್ರೀ?’

ಕೇಳಬಹುದು. ಕೇಳಿದ ಮೇಲೆ, ಪುಸ್ತಕದಲ್ಲಿ ಬರೆದುಕೊಂಡರೋ ಇಲ್ಲವೋ ಅಂತ ಹಣಕಿ ನೋಡಿಯೇ ಮನೆಗೆ ಬಾ ಅಂದೆ.